ಸೆರಗಿಗೆ ಹತ್ತಿದ ತೆರೆ

ಗದಗಿನ ಚಿತ್ರಪ್ರದರ್ಶನದಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸು ಒಮ್ಮೆಲೇ ಕೈ ಚಾಚಿ, ಗೋಡೆಯ ಮೇಲಿನ ಸಮುದ್ರವನ್ನು ಸೆರಗಿನಿಂದ ಒರೆಸತೊಡಗಿದರು. ಅದು ಇದ್ದಿಲಿನಲ್ಲಿ ಬರೆದ ಕಲ್ಲುದಂಡೆಯ ಚಿತ್ರ, ಗಾಜು ಹಾಕಿರಲಿಲ್ಲ. ಬಂಡೆಗಳೆಂದರೆ ಕೆಲವು ಒರಟು ಗೀರುಗಳಷ್ಟೇ. ಅವುಗಳ ಮೇಲೆ ಎದ್ದ ಕಪ್ಪು ತೆರೆಯೊಂದು ಮಾತ್ರ ಇನ್ನೇನು ಬೀಳುವಂತಿತ್ತು.

ಚಿತ್ರ ಬರೆದ ಹುಡುಗಿ ಓಡಿಬಂದಳು. “ಅಕ್ಕಾರ, ಮುಟ್ಟಬ್ಯಾಡ್ರಿ, ಅಳಿಸಿ ಹೋಗ್ತೈತಿ.”

“ಇಂಥಾ ಕಲ್ಲಿನ ಮ್ಯಾಲನ ನಿಂತಿದ್ದ ನನ್ನ ತಮ್ಮ. ತೆರಿ ಬರೂದು ನೋಡಲೇ ಇಲ್ಲವ್ವ” ಎಂದರು ಆಕೆ, ಕೈ ನಿಲ್ಲಿಸದೆ.

ತಡೆಯಲು ಚಾಚಿದ್ದ ಕೈಯನ್ನು ಹುಡುಗಿ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ಹಿಂದ ಇನ್ನೊಂದು ತೆರಿ ಐತ್ರಿ. ಅದನ್ನೂ ಒರಸ್ರಿ.”

“ಇರಲಿ ಬಿಡವ್ವ, ಅದು ದೂರ ಐತಿ. ಅಷ್ಟರಾಗ ಅಂವ ಎದ್ದು ಬರ್ತಾನ.”

ಮರುದಿನ ಮತ್ತೆ ಹೋಗಿ ನೋಡಿದೆ. ಹುಡುಗಿ ಆ ತೆರೆಯನ್ನು ತಿರುಗಿ ಬರೆದಿರಲಿಲ್ಲ. ಬಂಡೆಯ ಮೇಲೆ ಮಂಜಿನಂಥ ಬೂದು ಬಣ್ಣ, ಅದರಲ್ಲಿ ಸೆರಗಿನ ನೇಯ್ಗೆಯ ಗುರುತು. ಹಿಂದಿನ ತೆರೆ ದೂರದಲ್ಲೇ ನಿಂತಿತ್ತು. ಲಕ್ಷ್ಮೇಶ್ವರದ ಬಸ್ಸಿನ ಹೊತ್ತು ಮೀರುವವರೆಗೂ ನಾನು ಆ ಬಂಡೆಯನ್ನೇ ನೋಡುತ್ತ ನಿಂತಿದ್ದೆ, ಯಾರೋ ಎದ್ದು ಬರುವುದಿದೆ ಎಂಬಂತೆ.