ಸಾಲ್ವಿನಾಗೆ ಬರಬೇಕಿದ್ದ ಮೂರು ರಾತ್ರಿ

ಸಾಲ್ವಿನಾ ಮಿಫ್ಸುದ್ ಸ್ಲೀಮಾ ಪಟ್ಟಣದ ಸಮುದ್ರದಂಡೆಯ ಹೋಟೆಲೊಂದರ ಲಾಂಡ್ರಿಗೆ ಸೇರಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ. ಈಗ ಐವತ್ತಾರು. ಹಿಂದಿನ ಓಣಿಯಿಂದ ಹೊಕ್ಕು ಹನ್ನೆರಡು ಮೆಟ್ಟಿಲಿಳಿದರೆ ಅವಳ ಜಾಗ. ಅಲ್ಲಿ ಕಿಟಕಿಯಿಲ್ಲ. ಹಬೆಯುಗುಳುವ ಇಸ್ತ್ರಿ ರೋಲರ್ ಒಂದು, ಒಗೆಯುವ ಯಂತ್ರಗಳು ಆರು. ಬಲಗೈ ಮಣಿಕಟ್ಟಿನಲ್ಲಿ ರೋಲರ್ ಸುಟ್ಟ ಗುರುತು ಬಳೆಯ ಹಾಗೆ ಕೂತಿದೆ. ಮೇಲಿನ ಕೋಣೆಗಳಿಂದ ಕಾಣುವ ಸಮುದ್ರವನ್ನು ಹೊಗಳಿ ಜನ ಪತ್ರ ಬರೆಯುತ್ತಾರೆಂದು ಅವಳು ಕೇಳಿ ಬಲ್ಲಳು. ಅವಳಿಗೆ ಗೊತ್ತಿದ್ದದ್ದು ಅವರ ಬೆಡ್‌ಶೀಟುಗಳು.

ಹೋದ ಅಕ್ಟೋಬರಿನಲ್ಲಿ ದೀರ್ಘಸೇವೆಯವರನ್ನು ವೇದಿಕೆಗೆ ಕರೆದು ಪದಕ ಚುಚ್ಚಿದರು. ಜೊತೆಗೆ ಒಂದು ಲಕೋಟೆ. ಒಳಗಿನ ಕಾಗದದಲ್ಲಿ, ಇದೇ ಮಾಲೀಕರಿಗೆ ಸೇರಿದ ಗೋಝೊ ದ್ವೀಪದ ಹೋಟೆಲಿನಲ್ಲಿ ಇಬ್ಬರಿಗೆ ಮೂರು ರಾತ್ರಿ, ಊಟ ತಿಂಡಿ ಸಹಿತ, ನವೆಂಬರಿನಿಂದ ಜನವರಿ ಕೊನೆಯೊಳಗೆ ಎಂದಿತ್ತು. ಗಂಡ ನಾಜು ಓದಿ ವಾಪಸು ಕೊಟ್ಟ. ಚಳಿಗಾಲದಲ್ಲಿ ನಡುಗಲು ಗೋಝೊವರೆಗೆ ಯಾಕೆ, ನಮ್ಮ ಮನೆಯ ಮೆಟ್ಟಿಲು ಸಾಕು ಎಂದ. ತಾನು ಹೋದರೆ ಪಂಜರದ ಹಕ್ಕಿಗಳಿಗೆ ಕಾಳು ಹಾಕುವವರಾರು ಎಂದೂ ಕೇಳಿದ. ಸಾಲ್ವಿನಾಗೆ ಅದೇ ಬೇಕಿತ್ತು. ಅವಳ ಮನಸ್ಸಿನಲ್ಲಿದ್ದವಳು ಅಕ್ಕ ಜೂಝಾ.

ಜೂಝಾಗೆ ಅರವತ್ನಾಲ್ಕು. ತಾಯಿ ಹೋದ ಮೇಲೆ ಐವರು ತಮ್ಮ ತಂಗಿಯರನ್ನು ಬೆಳೆಸಿದವಳು, ಆಮೇಲೆ ಅತ್ತೆ ಮಾವಂದಿರ ಸೇವೆ, ಆಮೇಲೆ ಗಂಡನದು. ಆಸ್ಪತ್ರೆ ಬಿಟ್ಟರೆ ಬೇರೆಯವರು ಹಾಸಿದ ಹಾಸಿಗೆಯ ಮೇಲೆ ಅವಳು ಮಲಗಿದ್ದೇ ಇಲ್ಲ.

ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಝೈತೂನ್ ಊರಿನ ಜೂಝಾಳ ಅಡುಗೆಮನೆಯಲ್ಲಿ ಇಬ್ಬರೂ ಕೂತು ಯೋಜನೆ ಹಾಕಿದರು. ಚರ್ಚಿನವರು ಕೊಟ್ಟ ಹಳೆಯ ಕ್ಯಾಲೆಂಡರಿನ ಬೆನ್ನು ತುಂಬ ಬರೆದರು. ಮೊದಲ ದಿನ ಹಡಗಿನಲ್ಲಿ ಕಾಫಿ, ಸಂಜೆ ಸಮುದ್ರದ ದಂಡೆ. ಎರಡನೆಯ ದಿನ ಅಲ್ಲಿನ ತಾ ಪಿನು ಚರ್ಚಿನ ಮಾತೆಗೆ ಜೂಝಾಳ ಮೊಣಕಾಲು ನೋವಿನ ಹರಕೆ. ಮೂರನೆಯ ದಿನದ ಮುಂದೆ ಸಾಲ್ವಿನಾ ಏನೂ ಬರೆಯಲಿಲ್ಲ. ಆ ದಿನ ಏನೂ ಮಾಡಬಾರದು ಎಂಬುದೇ ಯೋಜನೆ. ಹಡಗಿಗೆ ಎಷ್ಟು ಎಂದು ಜೂಝಾ ಕೇಳಿದಳು. ಹೋಗುವಾಗ ಯಾರೂ ಕೇಳುವುದಿಲ್ಲ, ಟಿಕೆಟ್ ಏನಿದ್ದರೂ ಬರುವಾಗ ಎಂದು ತಂಗಿ ನೆನಪಿಸಿದಳು.

"ಹಂಗಾದ್ರೆ ಬರೋದೇ ಬೇಡ ಬಿಡು," ಎಂದಳು ಜೂಝಾ. "ಒಂದು ಕಾಸೂ ಖರ್ಚಿಲ್ಲ."

ಸಾಲ್ವಿನಾ ನವೆಂಬರಿಗೆ ಕೋಣೆ ಕೇಳಿದಳು. ಕಚೇರಿಯ ಹುಡುಗಿ ಫೋನಿನಲ್ಲಿ ಹೋಟೆಲ್ ಭರ್ತಿ ಎಂದಳು. ಇರಬಹುದು ಅಂದುಕೊಂಡಳು. ಡಿಸೆಂಬರಿಗೆ ಕೇಳಿದಳು. ಭರ್ತಿ. ಕ್ರಿಸ್‌ಮಸ್ ತಿಂಗಳು, ಅದೂ ಇರಬಹುದು. ಲಾಂಡ್ರಿಯ ಹೆಂಗಸರು ಅವಳನ್ನು ಸಿನ್ಯೂರಾ ಎಂದು ಕರೆಯತೊಡಗಿದ್ದರು. ದೊಡ್ಡಮನೆಯ ಅಮ್ಮನವರಿಗೆ ಹೇಳುವ ಮಾತು ಅದು. ಸಿನ್ಯೂರಾ ಅವರ ಪೆಟ್ಟಿಗೆ ಹೊರಲು ಆಳು ಬೇಕೇ, ಸಿನ್ಯೂರಾ ಈ ಸಲವೂ ಟವೆಲುಗಳ ಜೊತೆಗೇ ರಜೆ ಕಳೆಯುತ್ತಾರೆಯೇ ಎಂದು ಕೇಳುತ್ತಿದ್ದರು. ಸಾಲ್ವಿನಾ ನಕ್ಕಳು. ಜನವರಿಗೆ ಮೂರನೆಯ ಸಲ ಅರ್ಜಿ ಬರೆದು, ನಾಲ್ಕು ವಾರದಲ್ಲಿ ಯಾವುದಾದರೂ ಆದೀತು ಎಂದು ಕೆಳಗೆ ಗೀಟೆಳೆದು ಕಳಿಸಿದಳು.

ಜನವರಿಯ ಎರಡನೆಯ ಮಂಗಳವಾರ ಉತ್ತರ ಬಂತು. ತಿಂಗಳು ಪೂರ್ತಿ ಭರ್ತಿ, ಕ್ಷಮಿಸಿ. ಲಕೋಟೆಯ ಅವಧಿ ಮುಗಿಯಲು ಉಳಿದಿದ್ದು ಹದಿನೇಳು ದಿನ.

ಫೋನು ಇಟ್ಟಾಗ ಅವಳೆದುರು ಗೋಝೊದ ತಳ್ಳುಗಾಡಿಗಳು ನಿಂತಿದ್ದವು. ಆ ಹೋಟೆಲಿನಲ್ಲಿ ಲಾಂಡ್ರಿ ಇಲ್ಲ. ಅಲ್ಲಿನ ಬಟ್ಟೆಯೆಲ್ಲ ಮಂಗಳವಾರ, ಶುಕ್ರವಾರ ಬೆಳಗಿನ ಹಡಗಿನಲ್ಲಿ ಇಲ್ಲಿಗೇ ಬರುತ್ತದೆ, ಗುರುತಿಗೆ ಮೂಲೆಯಲ್ಲಿ ಹಸಿರು ದಾರದ ಹೊಲಿಗೆ. ಮೂವತ್ತೊಂದು ವರ್ಷ ವಿಂಗಡಿಸಿದವಳಿಗೆ ಒಂದು ಕೋಣೆ ಎಂದರೆ ಎಷ್ಟು ಬಟ್ಟೆ ಎಂದು ಕಣ್ಣು ಮುಚ್ಚಿದರೂ ಗೊತ್ತು. ಒಬ್ಬರೇ ಮಲಗಿದ್ದರೋ ಇಬ್ಬರೋ ಎಂಬುದನ್ನು ದಿಂಬಿನ ಚೀಲ ಹೇಳುತ್ತದೆ. ಅಲ್ಲಿ ಕೋಣೆಗಳು ಎಂಬತ್ನಾಲ್ಕು. ಬೇಸಿಗೆಯಲ್ಲಿ ಒಂಬತ್ತು ಗಾಡಿ ಬರುತ್ತವೆ. ಈಗ ಬಂದಿದ್ದು ಎರಡು, ಅದರಲ್ಲೊಂದು ಅರ್ಧ ಖಾಲಿ.

ಅವಳು ಎರಡನ್ನೂ ನೆಲಕ್ಕೆ ಸುರಿದು ವಿಂಗಡಿಸಿದಳು. ಹತ್ತೊಂಬತ್ತು ಕೋಣೆ. ಶುಕ್ರವಾರದ ಗಾಡಿ ಬರುವವರೆಗೆ ಕಾದಳು. ಹದಿನಾರು.

ಇಲ್ಲ ಅಂದಿದ್ದರೆ ಅವಳು ಸಹಿಸುತ್ತಿದ್ದಳು. ಇಲ್ಲ ಎಂಬ ಮಾತು ಅವಳಿಗೆ ಹೊಸದಲ್ಲ. ಆದರೆ ಈ ಸುಳ್ಳನ್ನು ಬೇರೆ ಯಾರಿಗಾದರೂ ಹೇಳಬಹುದಿತ್ತು, ಆ ಹೋಟೆಲಿನ ಬೆಡ್‌ಶೀಟು ಒಗೆಯುವವಳಿಗೆ ಹೇಳಿದ್ದರು. ತಾನು ಏನು ಕೆಲಸ ಮಾಡುತ್ತೇನೆಂದು ಒಬ್ಬರಿಗೂ ನೆನಪಾಗಲಿಲ್ಲವಲ್ಲ ಎಂಬುದು ಅವಳ ಮೈಯನ್ನೆಲ್ಲ ಉರಿಸಿತು.

ಏಪ್ರನ್ ಬಿಚ್ಚದೆ, ಸೇವಕರ ಲಿಫ್ಟು ಹತ್ತದೆ, ಮುಂದಿನ ಅಮೃತಶಿಲೆಯ ಮೆಟ್ಟಿಲಲ್ಲೇ ಏರಿ ಮ್ಯಾನೇಜರ್ ಸೆಡ್ರಿಕ್ ಸಾಹೇಬರ ಕೋಣೆಗೆ ಹೋದಳು. ವಯಸ್ಸಿನಲ್ಲಿ ಅವಳ ಮಗನಷ್ಟಿದ್ದ ಅವರು ಕೂರಲು ಹೇಳಿದರು. ಅವಳು ಕೂರಲಿಲ್ಲ. ಮಂಗಳವಾರ ಹತ್ತೊಂಬತ್ತು, ಶುಕ್ರವಾರ ಹದಿನಾರು ಎಂದಳು. ಏನು ಹತ್ತೊಂಬತ್ತು ಎಂದು ಅವರು ಕೇಳಿದಾಗ ವಿವರಿಸಿದಳು. ಅವರು ಕಂಪ್ಯೂಟರಿನ ಕಡೆ ನೋಡಿದರು, ಬುಕ್ಕಿಂಗ್ ಪದ್ಧತಿ ಬೇರೆ ಎಂದರು, ಕೆಲವು ಕೋಣೆ ತಡೆಹಿಡಿದಿರುತ್ತಾರೆ ಎಂದರು. ಮಂಗಳವಾರ ಹತ್ತೊಂಬತ್ತು, ಶುಕ್ರವಾರ ಹದಿನಾರು ಎಂದು ಅವಳು ಮತ್ತೆ ಹೇಳಿದಳು. ಕೊನೆಗೆ ಅವರು ಧ್ವನಿ ತಗ್ಗಿಸಿದರು. ಹೋದ ವರ್ಷ ಇದೇ ಲಕೋಟೆ ಪಡೆದ ಇಲ್ಲಿಯ ಅಡುಗೆಮನೆಯ ಕೆಲಸದವರೊಬ್ಬರ ಸಂಸಾರ ಗೋಝೊಗೆ ಹೋಗಿತ್ತಂತೆ. ಮನೆಯಿಂದ ಒಯ್ದ ತಿಂಡಿಯ ಪೊಟ್ಟಣ ಬಿಚ್ಚಿಕೊಂಡು ಮುಂದಿನ ಹಜಾರದಲ್ಲಿ ಕೂತು ಜೋರಾಗಿ ಹರಟಿದರಂತೆ. ಇಬ್ಬರು ಅತಿಥಿಗಳು ದೂರು ಬರೆದಿದ್ದರು.

"ನೀವು ಹಾಗಲ್ಲ, ನಂಗೊತ್ತು," ಎಂದರು. "ಒಂದು ದಾರಿ ಇದೆ. ಹಿಂದಿನ ಕಟ್ಟಡದಲ್ಲಿ ಕೋಣೆ ಕೊಡಿಸ್ತೀನಿ. ಊಟ ಮಾತ್ರ ಸಿಬ್ಬಂದಿ ಜೊತೆ ಮಾಡ್ಬಿಡಿ. ನಿಮಗೂ ಅಲ್ಲೇ ಆರಾಮ."

"ಯಾವ ಮೇಜಿನ ಬಟ್ಟೆ ಸಾರ್, ಸಿಬ್ಬಂದೀದು?"

"ಅಂದ್ರೆ?"

"ಅಲ್ಲಿ ಬಟ್ಟೇನೇ ಹಾಸಲ್ಲ. ಅದು ಬಂದಿದ್ರೆ ನಾನು ನೋಡಿರ್ತಿದ್ದೆ. ಊಟದ ಹಾಲಿಂದು ಬರುತ್ತೆ. ಅದನ್ನ ಇಸ್ತ್ರಿ ಮಾಡೋಕೆ ನನ್ನ ಕೈ ಆಗುತ್ತೆ, ಅದರ ಮೇಲೆ ತಟ್ಟೆ ಇಟ್ಕೊಂಡು ಉಣ್ಣೋಕೆ ಆಗಲ್ವಾ?"

ಅವರು ಲೇಖನಿಯನ್ನು ಎತ್ತಿ ಮತ್ತೆ ಕೆಳಗಿಟ್ಟರು.

"ನೀವೀಗ ಹೇಳಿದ್ದನ್ನ ಹಂಗೇ ಬರೆದು ಸಹಿ ಹಾಕಿ ಕೊಡಿ," ಎಂದಳು ಸಾಲ್ವಿನಾ. "ಲಾಂಡ್ರಿ ಗೋಡೆ ಮೇಲೆ ಅಂಟಿಸ್ತೀನಿ. ಎಲ್ರಿಗೂ ಪ್ರತಿಸಲ ಬಾಯಲ್ಲಿ ಹೇಳೋ ಕಷ್ಟ ನಿಮಗೆ ತಪ್ಪುತ್ತೆ."

ಸೆಡ್ರಿಕ್ ಸಾಹೇಬರು ಬರೆಯಲಿಲ್ಲ. ಗೋಝೊಗೆ ಫೋನು ಹಚ್ಚಿದರು. ಇಪ್ಪತ್ತೇಳರಿಂದ ಮೂರು ರಾತ್ರಿ, ಸಮುದ್ರದ ಕಡೆಯ ಕೋಣೆ, ಊಟದ ಹಾಲಿನಲ್ಲೇ ಊಟ. ಫೋನಿಟ್ಟು, ಅಲ್ಲಿ ಸ್ವಲ್ಪ ನೋಡಿಕೊಂಡು ಇರಿ ಎಂದರು. ನೋಡಲಿಕ್ಕೇ ಹೋಗುತ್ತಿರುವುದು ಎಂದು ಹೇಳಿ ಅವಳು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಸಂತೋಷವೇನೂ ಆಗಲಿಲ್ಲ. ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿ ಕೊಟ್ಟಿದ್ದನ್ನು ಹೀಗೆ ಕಿತ್ತುಕೊಳ್ಳಬೇಕಾಯಿತಲ್ಲ ಎಂದುಕೊಂಡಳು.

ಇಪ್ಪತ್ತೇಳಕ್ಕೆ ಗಾಳಿ ಜೋರಿದ್ದರೂ ಹಡಗು ಬಿಟ್ಟಿತು. ಜೂಝಾ ಮದುವೆ ಮನೆಗಳಿಗೆಂದು ಇಟ್ಟಿದ್ದ ಕಪ್ಪು ಕೋಟು ಹಾಕಿಕೊಂಡಿದ್ದಳು. ಆ ರಾತ್ರಿ ಊಟದ ಹಾಲಿನಲ್ಲಿ ಏಳೇ ಮೇಜಿಗೆ ಜನ. ಇಬ್ಬರೂ ಮೀನಿನ ಸಾರು ಕುಡಿದು, ಬೇಕೆಂದೇ ನಿಧಾನವಾಗಿ ಉಂಡರು. ಯಾರೂ ದೂರು ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಜೂಝಾ ಕಣ್ಣುಬಿಟ್ಟಾಗ ತಂಗಿಯ ಮಂಚ ಬರಿದಾಗಿತ್ತು. ಬೆಡ್‌ಶೀಟು, ಹೊದಿಕೆಯ ಚೀಲ, ದಿಂಬಿನ ಚೀಲ ಎಲ್ಲ ಕಳಚಿ, ಬಾಗಿಲ ಬಳಿ ಮೂರು ಗುಡ್ಡೆಯಾಗಿ ವಿಂಗಡಿಸಿಟ್ಟಿತ್ತು. ಟವೆಲುಗಳು ಬೇರೆ. ಸಾಲ್ವಿನಾ ಅವುಗಳ ನಡುವೆ ನಿಂತಿದ್ದಳು.

"ಇನ್ನೂ ಎರಡು ರಾತ್ರಿ ಇದೆಯಲ್ಲೇ," ಎಂದಳು ಜೂಝಾ. "ಇವತ್ತೇ ಯಾಕೆ ಕಿತ್ತೆ?"

ಸಾಲ್ವಿನಾಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು. ಸೆಡ್ರಿಕ್ ಸಾಹೇಬರ ಎದುರೂ ಅಷ್ಟು ಸಿಟ್ಟು ಬಂದಿರಲಿಲ್ಲ. ಎದ್ದದ್ದು ನೆನಪಿತ್ತು. ಕೈ ಕೆಲಸ ಶುರುಮಾಡಿದ್ದು ನೆನಪಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿ ಕೋಣೆಯ ಕೆಲಸದವಳು ಒಳಗೆ ಬಂದಳು. ನಡುವಯಸ್ಸಿನ ಹೆಂಗಸು. ಗುಡ್ಡೆಗಳನ್ನು ನೋಡಿ ಅವಳ ಮುಖ ಅರಳಿತು. ಅಮ್ಮ, ನನ್ನ ಅರ್ಧ ಕೆಲಸ ಮುಗಿಸಿಬಿಟ್ಟಿದ್ದೀರಿ, ಹೊಸ ಬೆಡ್‌ಶೀಟು ಕೊಡುತ್ತೇನೆ, ಆ ಕಡೆ ತುದಿ ಹಿಡಿದುಕೊಂಡರೆ ಎರಡು ನಿಮಿಷ ಎಂದಳು. ಸಾಲ್ವಿನಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು.

"ಇಲ್ಲ ತಾಯಿ," ಎಂದಳು. "ನೀವೇ ಹಾಸಿ. ಬೇಜಾರ್ ಮಾಡ್ಕೋಬೇಡಿ. ನಾನು ಕೂತಿರ್ತೀನಿ."

ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಹೆಂಗಸು ಒಬ್ಬಳೇ ಹಾಸತೊಡಗಿದಳು. ಹಾಸಿಗೆಯ ಕಾಲುಗಡೆಯ ಎಡಮೂಲೆಯ ಮಡಿಕೆ ಸಡಿಲವಾಗಿ ಕೂತಿತು. ಸಾಲ್ವಿನಾ ಅದನ್ನು ನೋಡಿದಳು, ಅಲ್ಲಿಂದ ಕಣ್ಣು ಕಿತ್ತು ಸಮುದ್ರದ ಕಡೆ ತಿರುಗಿಸಿದಳು, ಬಾಗಿಲು ಮುಚ್ಚುವವರೆಗೂ ಹಾಗೇ ಕೂತಳು.