ಸ್ಟೇಷನ್ ಹಿಂದಿನ ಬಾಡಿಗೆ ಕೋಣೆ

ಮೊನ್ನೆ ನಮ್ಮ ಎದುರುಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದರು. ಡಬ್ಬಿಯ ಪೇಂಟು ಬಂದ ಮೇಲೆ ಸುಣ್ಣ ಕಲಸಿ ಬಳಿಯುವವರೇ ಕಡಿಮೆ. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕೆಲಸ ಅಲ್ಲೇ ನಿಂತಿತು. ನಂಜನಗೂಡಿನ ರೈಲ್ವೆ ಸ್ಟೇಷನ್ ಹಿಂದಿನ ಒಂದು ಕೋಣೆ, ಇನ್ನೂ ಆರದ ಅದರ ಗೋಡೆ, ಬಾಗಿಲಲ್ಲಿ ನಿಂತ ಮನೆಯಾಕೆ... ನಾನು ಅವರನ್ನು ಓನರಮ್ಮ ಎಂದೇ ಕರೆಯುತ್ತಿದ್ದೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ನಮ್ಮೂರು ಸೋಮನಾಥಪುರದಿಂದ ನರಸೀಪುರದ ಕಡೆಗೆ. ಅಲ್ಲಿಂದ ಎರಡು ಬಸ್ಸು ಹತ್ತಿ ಇಳಿದು ಯೂನಿವರ್ಸಿಟಿ ಸೇರುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿರುತ್ತಿತ್ತು. ಸಂಜೆ ಲೈಬ್ರರಿಯಲ್ಲಿ ಕೂತರೆ ಕೊನೆಯ ಬಸ್ಸು ತಪ್ಪುತ್ತಿತ್ತು. ದಸರಾ ರಜೆಯೊಳಗೆ ಕೋಣೆ ಸಿಗದಿದ್ದರೆ ಓದು ಬಿಡುವುದೆಂದು ಮನೆಯಲ್ಲಿ ತೀರ್ಮಾನವೇ ಆಗಿಹೋಗಿತ್ತು.

ಯೂನಿವರ್ಸಿಟಿಯ ಸುತ್ತಮುತ್ತ ಅಪ್ಪನೂ ನಾನೂ ಗೇಟಿನಿಂದ ಗೇಟಿಗೆ ಅಲೆದೆವು. ಕೆಲವು ಕಡೆ ಬಾಡಿಗೆ ಕೇಳಿಯೇ ವಾಪಸು ಬಂದೆವು. ನಮ್ಮ ಕೈಗೆಟುಕುವ ಕಡೆ ಇನ್ನೊಂದು ತೊಡಕು. ಮೊದಲು ಊರು ಕೇಳುತ್ತಿದ್ದರು, ಆಮೇಲೆ ಅಪ್ಪನ ಹೆಸರು, ಆಮೇಲೆ ಊರಲ್ಲಿ ಮನೆ ಯಾವ ಬೀದಿಯಲ್ಲಿ ಅಂತ. ಬೀದಿ ಗೊತ್ತಾದ ಕೂಡಲೇ ಆ ಕೋಣೆಗೆ ಬರಲಿರುವ ತಮ್ಮನ ಮಗನೊಬ್ಬ ಎಲ್ಲಿಂದಲೋ ಹುಟ್ಟಿಕೊಳ್ಳುತ್ತಿದ್ದ. ಎಷ್ಟು ಮರ್ಯಾದಸ್ಥ ಜನ! ಇಲ್ಲ ಎನ್ನುವುದನ್ನೂ ನಗುನಗುತ್ತಲೇ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಮಾತ್ರ ಕೈಮುಗಿದು ಮುಂದಿನ ಗೇಟಿಗೆ ನಡೆಯುತ್ತಿದ್ದರು.

ಕೊನೆಗೆ ಯಾರೋ ನಂಜನಗೂಡಿನ ದಾರಿ ತೋರಿಸಿದರು. ಅಲ್ಲಿ ಬಾಡಿಗೆ ಕಡಿಮೆ, ರೈಲಿನ ಪಾಸು ಇನ್ನೂ ಕಡಿಮೆ. ಬೆಳಗಿನ ರೈಲು ಹತ್ತಿ ಚಾಮರಾಜಪುರಂನಲ್ಲಿ ಇಳಿದರೆ ಯೂನಿವರ್ಸಿಟಿಗೆ ನಡೆದೇ ಹೋಗಬಹುದಿತ್ತು. ಸ್ಟೇಷನ್ ಹಿಂದಿನ ಆ ಮನೆಯ ಮುಂದೆ ನಿಂತು ಅಪ್ಪ ತಮ್ಮ ರೂಢಿಯಂತೆ "ಶರಣು ತಾಯಿ" ಅಂದರು. ಚಿಕ್ಕಂದಿನಲ್ಲಿ ಒಂದು ಮಠದ ಉಚಿತ ಹಾಸ್ಟೆಲಿನಲ್ಲಿದ್ದು ಓದಿದವರು ಅವರು. ಬಾಬಾಸಾಹೇಬರ ದಾರಿ ಹಿಡಿದು ನಮ್ಮ ಮನೆಯವರೆಲ್ಲ ಬೌದ್ಧರಾದ ಮೇಲೂ ಆ ಶರಣು ಮಾತ್ರ ಅವರ ಬಾಯಿಂದ ಹೋಗಿರಲಿಲ್ಲ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ಇದ್ದ ಆ ವಿಧವೆಯ ಮುಖ ಅದನ್ನು ಕೇಳಿ ಸಡಿಲವಾಯಿತು. ಆಕೆ ಊರು ಕೇಳಲಿಲ್ಲ, ಬೀದಿ ಕೇಳಲಿಲ್ಲ. ನಮ್ಮವರೇ ಎಂದುಕೊಂಡರು. ಸೋಮವಾರ ಸುಣ್ಣ ಹೊಡೆಸಿಡುತ್ತೇನೆ, ಬನ್ನಿ ಅಂದರು.

ಆ ಸೋಮವಾರದವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಬಾಡಿಗೆ ಕೋಣೆಯಾದರೂ ಹಾಲುಕ್ಕಿಸದೆ ಒಲೆ ಹಚ್ಚಬಾರದು ಎಂಬುದು ಓನರಮ್ಮನ ಹಟ. ಅಪ್ಪ ಇಂಥದ್ದನ್ನೆಲ್ಲ ಬಿಟ್ಟು ಎಷ್ಟೋ ವರ್ಷವಾಗಿತ್ತು. ನನಗಾಗಿ ಸುಮ್ಮನಿದ್ದರು. ಹಾಲನ್ನೂ ಆಕೆಯೇ ತಂದಿದ್ದರು. ಸೀಮೆಎಣ್ಣೆ ಸ್ಟೌ ಮೇಲೆ ಹಾಲಿಟ್ಟು ಕೂತಿರುವಾಗ ಆಕೆಯ ಮೈದುನ ಬಂದರು. ಪೇಟೆಯಲ್ಲಿ ವ್ಯಾಪಾರ ಇಟ್ಟುಕೊಂಡಿದ್ದ ಮನುಷ್ಯ. ಅಪ್ಪನನ್ನು ಮೇಲಿಂದ ಕೆಳಕ್ಕೆ ನೋಡಿ, ಯಾವ ಮಠದ ಒಕ್ಕಲು ನೀವು ಎಂದು ಕೇಳಿದರು.

ಓದಿದ ಮಠದ ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಿಬಿಡಲಿ ಎಂದು ನನ್ನ ಜೀವ ಬೇಡುತ್ತಿತ್ತು. ಅಪ್ಪ ಪಂಚೆಯ ಅಂಚು ಸರಿಮಾಡಿಕೊಂಡರು.

"ಮಠದಲ್ಲಿ ಓದಿದೀನಿ ಸಾ, ಒಕ್ಕಲಲ್ಲ. ನಮ್ಮನೆ ಕಾಲೋನೀಲಿ. ಈಗ ಬೌದ್ಧರು."

ಮೈದುನ ಅತ್ತಿಗೆಯ ಮುಖ ನೋಡಿದರು, ಓನರಮ್ಮ ಅಪ್ಪನ ಮುಖ ನೋಡಿದರು. ಪಾತ್ರೆಯ ಕಡೆ ಯಾರ ಗಮನವೂ ಇರಲಿಲ್ಲ. ಹಾಲು ಉಕ್ಕಿ ಸುರಿದು ಸ್ಟೌ ಆರಿ, ಕೋಣೆಯ ತುಂಬ ಹೊಗೆ ಎದ್ದಿತು. ನಾನು ಬ್ಯಾಗಿನ ಹಿಡಿಗೆ ಕೈ ಹಾಕಿದೆ. ಎದ್ದು ಹೋಗಿ ಎನ್ನಿಸಿಕೊಳ್ಳುವ ಮೊದಲೇ ಏಳಬೇಕು ಎಂದಷ್ಟೇ ನನಗೆ ಅನ್ನಿಸಿದ್ದು.

ಓನರಮ್ಮ ಮಸಿಬಟ್ಟೆ ತಗೊಂಡು ಸ್ಟೌ ಒರೆಸತೊಡಗಿದರು. ತಲೆ ಎತ್ತದೆಯೇ ಮೈದುನನಿಗೆ ಹೇಳಿದರು.

"ಹಾಲು ಉಕ್ಬುಟ್ಟದೆ ಕಣಪ್ಪ. ಉಕ್ಕಿದ್ಮೇಲೆ ಹೆಣ್ಮಗೀನ ಆಚೆಗೆ ಕಳ್ಸಕ್ಕಾಯ್ತದಾ?"

ಆತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಓನರಮ್ಮ ಉಳಿದ ಹಾಲನ್ನು ಲೋಟಗಳಿಗೆ ಬಗ್ಗಿಸಿ ನಮಗೆ ಕೊಟ್ಟರು. ತಮ್ಮ ಲೋಟವನ್ನು ಕಿಟಕಿಯ ಮೇಲಿಟ್ಟರು, ಕುಡಿಯಲಿಲ್ಲ. ನಾನು ನೋಡಿದೆ. ಅಪ್ಪನೂ ನೋಡಿದರು...

ಕೆಲವು ದಿನಗಳಾದ ಮೇಲೆ ನಲ್ಲಿಯ ಹತ್ತಿರ ಆಕೆಯೇ ಮಾತೆತ್ತಿದರು. "ಮೊದ್ಲೇ ಹೇಳಿದ್ರೆ ನಾನೂ ಕೊಡ್ತಿರ್ಲಿಲ್ಲ ಕಣವ್ವ. ಸುಳ್ಳ್ಯಾಕೆ ಹೇಳ್ಲಿ." ನನಗೆ ಸಿಟ್ಟು ಬಂತು. ಆದರೆ ಅಷ್ಟು ಗೇಟುಗಳಲ್ಲಿ ನಿಂತು ಬಂದ ನನಗೆ ನೇರವಾಗಿ ಸಿಕ್ಕ ಮೊದಲ ಮಾತು ಅದೇ.

ಎರಡು ವರ್ಷ ಅಲ್ಲಿದ್ದೆ. ತಮ್ಮ ಬಿಂದಿಗೆಗಳು ತುಂಬಿದ ಮೇಲೆಯೇ ಆಕೆ ನನ್ನನ್ನು ನಲ್ಲಿಗೆ ಕರೆಯುತ್ತಿದ್ದುದು. ನನ್ನ ಕೋಣೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿದವರಲ್ಲ. ಮೈದುನನ ಮನೆಯವರು ಹಬ್ಬಕ್ಕೆ ಆಕೆಯನ್ನು ಕರೆಯುವುದು ಬಿಟ್ಟರು. ಆತ ಆಗಾಗ ಬಂದು ಜಗಲಿಯ ಮೇಲೆ ಕೂಗಾಡುವಾಗ ನಾನು ಒಳಗೆ ಚಿಲಕ ಹಾಕಿಕೊಂಡು, ಇವತ್ತು ಬಿಡಿಸುತ್ತಾರೆ, ಇವತ್ತು ಖಂಡಿತ ಬಿಡಿಸುತ್ತಾರೆ ಎಂದು ಪುಸ್ತಕ ಜೋಡಿಸುತ್ತಿದ್ದೆ. ಅವಳ ಪರೀಕ್ಷೆ ಮುಗೀಲಿ ಎಂಬ ಓನರಮ್ಮನ ಒಂದೇ ಮಾತು ಹೊರಗಿನಿಂದ ಕೇಳಿಸುತ್ತಿತ್ತು. ಆ ಒಂದು ಪರೀಕ್ಷೆ ಎರಡು ವರ್ಷವೂ ಮುಗಿಯಲಿಲ್ಲ. ನೀರು ಮುಟ್ಟದವರು ಮನೆಯನ್ನು ಹೇಗೆ ಕೊಟ್ಟರು ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಈ ವರ್ಷ ಅಣ್ಣನ ಮಗಳಿಗೂ ಅದೇ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿಲ್ಲ. ಸುಣ್ಣದ ವಾಸನೆ ಬಂದ ಮೇಲೆ ನನಗೆ ಆ ಕೋಣೆಯೇ ತಲೆಯಲ್ಲಿ ಕೂತಿತು. ಓನರಮ್ಮ ತೀರಿಕೊಂಡ ಸುದ್ದಿ ಹಿಂದೆಯೇ ಕೇಳಿದ್ದೆ, ಮಣ್ಣಿಗೆ ಹೋಗಲು ಆಗಿರಲಿಲ್ಲ. ಭಾನುವಾರ ಹುಡುಗಿಯನ್ನು ಕರೆದುಕೊಂಡು ಹೋದೆ. ಆಗ ಬೇರೆ ಊರಲ್ಲಿ ಕೆಲಸದಲ್ಲಿದ್ದ ಆಕೆಯ ಮಗ ಈಗ ಅಲ್ಲೇ ಇದ್ದಾರೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದು ಕುರ್ಚಿ ಹಾಕಿಸಿದರು. ಅಮ್ಮ ನಿಮ್ಮ ವಿಷಯ ಹೇಳ್ತಾನೇ ಇರೋರು ಅಂದರು.

ಕೋಣೆಯ ವಿಷಯ ಎತ್ತಿದೆ. ಅವರು ಹುಡುಗಿಯ ಕಡೆ ನೋಡಿ, ನನ್ನ ಕಡೆ ನೋಡಿ, ನಕ್ಕರು.

"ಯಾರ್ಗೋ ಮಾತಾಗ್ಬಿಟ್ಟದೆ ಮೇಡಂ."

ಕಾಫಿ ಕುಡಿದು ಎದ್ದೆವು. ಗೇಟಿನಲ್ಲಿ 'ಬಾಡಿಗೆಗೆ ಇದೆ' ಎಂಬ ಬೋರ್ಡು ನೇತಾಡುತ್ತಿತ್ತು. ಹುಡುಗಿ ಅದನ್ನು ಓದಿದಳು. ಓನರಮ್ಮ ಸತ್ತುಹೋಗಿದ್ದಾರೆ ಎಂಬುದು ನನಗೆ ನಿಜವಾಗಿ ಅರಿವಾದದ್ದು ಆ ಗೇಟಿನ ಹೊರಗೆ ನಿಂತಾಗಲೇ. ಅಲ್ಲೇ ರಸ್ತೆಯಲ್ಲೇ ಅತ್ತುಬಿಟ್ಟೆ.