ಕತ್ತರಿ ಕೊಟ್ಟ ಕೈ

ಆ ಹೊಲಿಗೆಮನೆಯಲ್ಲಿ ಮೂವತ್ತೊಂದು ಜನ ಕೆಲಸ ಮಾಡುತ್ತಿದ್ದರು. ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕುವ ಅಧಿಕಾರ ಮಾತ್ರ ಒಬ್ಬಳದೇ. ಎಲ್ಲರೂ ಅವಳನ್ನು ಮಾಸ್ತರಮ್ಮ ಎನ್ನುತ್ತಿದ್ದರು. ಕಟಿಂಗ್ ಮಾಸ್ಟರ್ ಕೆಲಸದಲ್ಲಿ ಅವಳಿಗಿಂತ ಮುಂಚೆ ಇದ್ದವರೆಲ್ಲ ಗಂಡಸರೇ ಆದ್ದರಿಂದ ಹೆಸರು ಹುಟ್ಟಿದ್ದು ತಮಾಷೆಗೆ. ಆಮೇಲೆ ಅದೇ ಗಟ್ಟಿಯಾಗಿ ಉಳಿಯಿತು. ಹತ್ತೊಂಬತ್ತಕ್ಕೆ ಗುಂಡಿ ಹಚ್ಚಲು ಬಂದವಳು ನಲವತ್ತೊಂದಕ್ಕೆ ಉದ್ದನೆಯ ಕಟಿಂಗ್ ಮೇಜಿನ ತಲೆಯಲ್ಲಿ ನಿಂತಿದ್ದಳು. ಟೇಪು ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಎದುರಿಗಿರುವವರ ಸೊಂಟ ಹೇಳುತ್ತಿದ್ದಳು. ಬಸ್ಸಿನಲ್ಲಿ ಎದುರು ಕೂತವರ ಅಂಗಿತೋಳು ಒಂದು ಬೆರಳು ಗಿಡ್ಡವಾಗಿದ್ದರೆ ಇಳಿಯುವವರೆಗೂ ಅವಳಿಗೆ ಸಮಾಧಾನವಿಲ್ಲ.

ಹೊಲಿಗೆಮನೆಯ ಒಡೆಯ ಹೆಸರುವಾಸಿ ಫ್ಯಾಷನ್ ಡಿಸೈನರ್. ಎದುರಿಗೆ ಸರ್, ಬೆನ್ನ ಹಿಂದೆ ದೊರೆ. ದೊರೆ ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಎಸೆದರೆ ಅದನ್ನು ಮೈಮೇಲೆ ನಿಲ್ಲುವ ಬಟ್ಟೆಯಾಗಿ ಮಾಡುವುದು ಮಾಸ್ತರಮ್ಮನ ಪಾಲು. ಆತನಿಗೆ ಸ್ವಂತ ಕೈಯಿಂದ ಒಂದು ತೋಳು ಜೋಡಿಸಲು ಬರುತ್ತಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ಕೋಪ ಬಂದರೆ ಗುಂಡುಸೂಜಿಯ ಡಬ್ಬಿ ಬೀಸಿ ಒಗೆಯುತ್ತಿದ್ದ. ಇಸ್ತ್ರಿಯವನನ್ನು ಒಮ್ಮೆ ಇಡೀ ಮಧ್ಯಾಹ್ನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಇದನ್ನೆಲ್ಲ ನೋಡಿ ಹೆದರಿದ ಹೊಸಬರಿಗೆ ಮಾಸ್ತರಮ್ಮನೇ ಸಮಾಧಾನ ಹೇಳುತ್ತಿದ್ದಳು: ಕಲೆ ಇದ್ದವರ ಹತ್ತಿರ ಕೋಪವೂ ಇರುತ್ತದೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಹೊಸಬರಲ್ಲಿ ಅವಳ ತಂಗಿಯೂ ಒಬ್ಬಳು. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡಾಗ ಇನ್ನೂ ಶಾಲೆ ಮೆಟ್ಟಿಲು ಹತ್ತಿರಲಿಲ್ಲ; ಅಮ್ಮ ದುಡಿಯಲು ಹೊರಗೆ ಹೋಗುತ್ತಿದ್ದಳು. ಅವಳಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಎದ್ದು ಕೂತದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದು ಎಲ್ಲ ಅಕ್ಕನೇ. ಬರುವ ಸಂಬಂಧಗಳಿಗೆಲ್ಲ ಈಗ ಬೇಡ, ಈಗ ಬೇಡ ಎನ್ನುತ್ತಾ ಅಕ್ಕ ತನ್ನ ಮದುವೆಯ ವಯಸ್ಸನ್ನೂ ದಾಟಿಸಿಬಿಟ್ಟಳು. ತಂಗಿಯ ಕೈಹೊಲಿಗೆ ಎಷ್ಟು ನಯವೆಂದರೆ ಬಟ್ಟೆಯ ಒಳಗು ಯಾವುದು ಹೊರಗು ಯಾವುದು ಎಂದು ಹುಡುಕಬೇಕಿತ್ತು. ಜಡೆ ಸೊಂಟದ ಕೆಳಗೆ ಇಳಿಯುತ್ತಿತ್ತು, ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಕೆಲಸದ ಹೊತ್ತಲ್ಲಿ ತಲೆಗೆ ಬಟ್ಟೆ ಕಟ್ಟಿಕೋ ಎಂದು ಅಕ್ಕ ನೂರು ಸಲ ಹೇಳಿರಬೇಕು. ಕಟ್ಟಿದರೆ ತಲೆನೋವು ಬರುತ್ತದೆ ಎಂದು ಅವಳು ನೂರು ಸಲ ಬಿಚ್ಚಿರಬೇಕು.

ವರ್ಷದ ದೊಡ್ಡ ಪ್ರದರ್ಶನದ ದಿನ ಬೆಳಿಗ್ಗೆ ಕೊನೆಯ ಫಿಟಿಂಗ್ ನಡೆದಿತ್ತು. ಕೆನೆಬಣ್ಣದ ತೆಳು ಗೌನು, ಒಳಗೆ ಅದೇ ಬಣ್ಣದ ಲೈನಿಂಗ್. ಬಂದಿದ್ದ ದೊಡ್ಡ ಗಿರಾಕಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಇದೇನು, ಎಂದಳು. ಎರಡು ಪದರಗಳ ನಡುವೆ ಒಂದು ಉದ್ದನೆಯ ಕಪ್ಪು ಕೂದಲು, ಎದೆಯಿಂದ ಹೊಟ್ಟೆಯವರೆಗೆ ಗೆರೆ ಎಳೆದ ಹಾಗೆ, ಹೊಲಿಗೆಯೊಳಗೆ ಸೇರಿಹೋಗಿತ್ತು. ಗಿರಾಕಿ ನಕ್ಕುಬಿಟ್ಟಳು. ತನ್ನನ್ನು ಯಾರಾದರೂ ಬೈದರೆ ದೊರೆ ಸಹಿಸುತ್ತಿದ್ದ, ನಕ್ಕರೆ ಸಹಿಸುತ್ತಿರಲಿಲ್ಲ.

ಗಿರಾಕಿ ಹೋದ ಮೇಲೆ ಆತ ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದ. ಕೂದಲು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ತಂಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಖ ಜನರ ಕಡೆ ತಿರುಗಿಸಿದ. ಆಮೇಲೆ ಅವಳ ಬೆನ್ನ ಹಿಂದೆ ನಿಂತು, ಕಣ್ಣೆತ್ತದೆ ಮಾಸ್ತರಮ್ಮನ ಕಡೆ ಕೈ ಚಾಚಿ, "ಕತ್ತರಿ. ದೊಡ್ಡದು," ಎಂದ.

ಮಾಸ್ತರಮ್ಮ ಕೊಟ್ಟಳು.

ಜಡೆ ಒಂದೇ ಏಟಿಗೆ ಬರಲಿಲ್ಲ. ನಾಲ್ಕು ಸಲ ಕಚ್ಚಿಸಬೇಕಾಯಿತು. "ಇನ್ನು ಮೇಲೆ ನಿನ್ನ ಕೂದಲು ಯಾರ ಬಟ್ಟೆಗೂ ಸೇರಲ್ಲ," ಎಂದು ಅದನ್ನು ಚಿಂದಿಯ ಚೀಲಕ್ಕೆ ಎಸೆದು ದೊರೆ ಕೈ ಒರೆಸಿಕೊಂಡ. ತಂಗಿ ಅಳಲಿಲ್ಲ. ಎದ್ದು ಹೋಗಿ ಅದೇ ಗೌನಿನ ಹೊಲಿಗೆ ಬಿಚ್ಚಿ, ಕೂದಲು ತೆಗೆದು, ಮತ್ತೆ ಹೊಲಿದು ಕೊಟ್ಟಳು. ಸಂಜೆ ಆ ಗೌನಿಗೇ ಹೆಚ್ಚು ಚಪ್ಪಾಳೆ ಬಿತ್ತು.

ರೂಪದರ್ಶಿಯರ ಮುಖಕ್ಕೆ ಬಣ್ಣ ಹಚ್ಚಲು ಬಂದಿದ್ದವಳೊಬ್ಬಳು ಬಾಗಿಲ ಸಂದಿಯಿಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ನಾಲ್ಕನೆಯ ದಿನಕ್ಕೆ ಆ ವಿಡಿಯೊ ಎಲ್ಲರ ಕೈಗೆ ಬಂತು. ಅಂಗಡಿಗಳು ದೊರೆಯ ಹೆಸರಿನ ಬೋರ್ಡು ಇಳಿಸಿದವು, ಆತನ ಬಟ್ಟೆ ತೊಟ್ಟು ಮೆರೆದಿದ್ದ ನಟಿಯರು ಆತ ಯಾರೆಂದೇ ತಿಳಿಯದು ಎಂದರು. ತಿಂಗಳೊಳಗೆ ಹೊಲಿಗೆಮನೆಗೆ ಬೀಗ ಬಿತ್ತು, ಮೂವತ್ತೊಂದು ಜನ ಬೀದಿಗೆ ಬಂದರು. ದೊರೆಯನ್ನು ಬೈದು ಮುಗಿದ ಮೇಲೆ ಜನ ವಿಡಿಯೊವನ್ನು ನಿಧಾನಕ್ಕೆ ಓಡಿಸಿ ನೋಡತೊಡಗಿದರು. ಎಡಗಡೆಯಿಂದ ಒಂದು ಕೈ ಬರುತ್ತದೆ. ಮುಖ ಕಾಣದು; ಕತ್ತಿನಿಂದ ಇಳಿಬಿದ್ದ ಟೇಪಿನ ತುದಿ ಕಾಣುತ್ತದೆ. ಕೈ ಹಿಂಜರಿಯುವುದಿಲ್ಲ. ಹಿಡಿಯುವವರಿಗೆ ಅನುಕೂಲವಾಗಲೆಂದು ಕತ್ತರಿಯ ಹಿಡಿಯನ್ನು ಮುಂದೆ ಮಾಡಿ, ಚೂಪನ್ನು ತನ್ನ ಕಡೆ ಇಟ್ಟುಕೊಂಡು, ಮರ್ಯಾದೆಯಿಂದ ಕೊಡುತ್ತದೆ. ಆ ಕೈ ಯಾರದೆಂದು ತಿಳಿಯಲು ಎರಡು ದಿನ ಸಾಕಾಯಿತು. ಆ ಹೆಣ್ಣುಮಗಳ ಸ್ವಂತ ಅಕ್ಕ ಎಂದು ತಿಳಿಯಲು ಇನ್ನೊಂದು ದಿನ.

ತಂಗಿ ಜಗಳ ಆಡಲಿಲ್ಲ. ಆಡಿದ್ದರೆ ಮಾಸ್ತರಮ್ಮನಿಗೆ ಉಸಿರು ಬರುತ್ತಿತ್ತು. ಅವಳು ಎರಡು ಚೀಲಕ್ಕೆ ಬಟ್ಟೆ ತುಂಬಿಕೊಂಡು, ಅಮ್ಮನ ಕಾಲು ಮುಟ್ಟಿ, ಗೆಳತಿಯ ಮನೆಗೆ ಹೋದಳು. ಅಕ್ಕನ ಪಕ್ಕದಲ್ಲೇ ಹಾದುಹೋದಳು, ಬಾಗಿಲ ಪಕ್ಕದ ಕಪಾಟಿನ ಪಕ್ಕ ಹಾದುಹೋದ ಹಾಗೆ. ಬಾಗಿಲು ಮುಚ್ಚಿದ ಮೇಲೆ ಮಾಸ್ತರಮ್ಮ ಅಮ್ಮನ ಮುಂದೆ ಕೂತು, ದೊರೆ ಹೀಗೆ ಮಾಡುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ, ಆತನ ಕೋಪ ನಿನಗೆ ಗೊತ್ತಿಲ್ಲ, ಎಂದು ಹೇಳಲು ಹೊರಟಳು. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಅವನಿಗೆ ಕೋಪ ಬಂದಿತ್ತು," ಎಂದಳು ಅಮ್ಮ. "ನಿನಗೇನು ಬಂದಿತ್ತು?"

ಬೇರೆ ಯಾವ ಹೊಲಿಗೆಮನೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಂಟು ತಿಂಗಳು ಅಲೆದ ಮೇಲೆ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸ ಸಿಕ್ಕಿತು. ಒಗೆಯುವ ಯಂತ್ರಗಳ ಪಕ್ಕದ ಕಿಟಕಿಯಿಲ್ಲದ ಕೋಣೆ. ಹರಿದ ಹಾಸಿಗೆ ಹೊದಿಕೆಗಳಿಗೆ ತೇಪೆ ಹಾಕುವುದು, ರೋಗಿಗಳ ಅಂಗಿಗೆ ಬೆನ್ನಹಿಂದೆ ಕಟ್ಟುವ ದಾರ ಹೊಲಿಯುವುದು. ಎಲ್ಲರಿಗೂ ಒಂದೇ ಅಳತೆಯ ಅಂಗಿ. ಯಾರ ಸೊಂಟವೂ ಯಾರಿಗೂ ಬೇಕಿಲ್ಲ. ಮನೆಯಲ್ಲಿ ಹೊಲಿಯುತ್ತಿದ್ದೆ ಎಂದಷ್ಟೇ ಅಲ್ಲಿ ಹೇಳಿದ್ದಳು. ಒಬ್ಬ ನರ್ಸ್ ಗುರುತು ಹಿಡಿದಳು. ಅಂದಿನಿಂದ ಕ್ಯಾಂಟೀನಿನಲ್ಲಿ ಅವಳು ತಟ್ಟೆ ಹಿಡಿದು ಬಂದರೆ ಯಾರಾದರೊಬ್ಬರು ತಮ್ಮ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುವರು, ಮಿಕ್ಕವರು ನಗುವರು. ಅವರಿಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. ಊಟದ ಹೊತ್ತಿಗೆ ಒಂದು ನಗು, ಅಷ್ಟೇ.

ಎರಡು ವರ್ಷ ಕಳೆಯಿತು. ಒಂದು ದೊಡ್ಡ ಬಟ್ಟೆ ಕಂಪನಿ ದೊರೆಯನ್ನು ಮತ್ತೆ ಕರೆದು ಕೆಲಸಕ್ಕೆ ಕೂರಿಸಲು ಹೊರಟಿದೆ ಎಂಬ ಸುದ್ದಿ ಬಂತು. ಪತ್ರಿಕೆಗಳಲ್ಲಿ, ಟೀವಿಯಲ್ಲಿ ಅದೇ ಮಾತು: ಮರ್ಯಾದೆ ಕಳೆದುಕೊಂಡ ಕಲಾವಿದನಿಗೆ ಎರಡನೆಯ ಅವಕಾಶ ಕೊಡಬಹುದೇ. ಒಬ್ಬ ವಕೀಲ, ಒಬ್ಬ ಮನೋವೈದ್ಯ, ಒಬ್ಬಳು ನಟಿ ಕೂತು ಚರ್ಚೆ ಮಾಡಿದರು. ಆತ ಶಿಕ್ಷೆ ಅನುಭವಿಸಿದ್ದು ಸಾಕು ಎಂದರು ಕೆಲವರು, ಸಾಲದು ಎಂದರು ಕೆಲವರು. ಕತ್ತರಿ ಕೊಟ್ಟವಳ ಸಂಗತಿ ಯಾರ ಬಾಯಲ್ಲೂ ಬರಲಿಲ್ಲ. ಅವಳಿಗೆ ಕಲೆ ಇರಲಿಲ್ಲವಲ್ಲ, ಬರೀ ಕೈಗುಣ.

ಒಂದು ಸಂಜೆ ಅಮ್ಮ ಮಗಳು ಟೀವಿ ಮುಂದೆ ಕೂತಿದ್ದರು. ದೊರೆ ಕಾಣಿಸಿಕೊಂಡ. ಸೊರಗಿದ್ದ, ದನಿ ತಗ್ಗಿತ್ತು. ಪಕ್ಕದ ಕುರ್ಚಿಯಲ್ಲಿ ತಂಗಿ. ಕೂದಲನ್ನು ಗಂಡುಮಕ್ಕಳ ಹಾಗೆ ಗಿಡ್ಡ ಮಾಡಿಸಿಕೊಂಡಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ತಾನು ಅವರನ್ನು ಕ್ಷಮಿಸಿದ್ದೇನೆ, ಅವರಿಗೆ ಕೆಲಸ ಕೊಡಿ, ಎಂದಳು. ಅಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಸ ಹೊಲಿಗೆಮನೆಗೆ ಅವಳೇ ಮುಖ್ಯಸ್ಥೆ ಎಂದು ಕೊನೆಗೆ ತಿಳಿಸಿದರು.

ಮಾಸ್ತರಮ್ಮನಿಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಕತ್ತರಿಸಿದವನನ್ನೇ ಕ್ಷಮಿಸಿದವಳು ಕತ್ತರಿ ಕೊಟ್ಟವಳನ್ನು ಬಿಟ್ಟಾಳೆಯೇ ಎಂದುಕೊಂಡಳು. ಅಮ್ಮ ಟೀವಿ ಆರಿಸಿದಳು.

ಅರ್ಧ ದಿನ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹೋದಳು. ಮೂರನೆಯ ಮಹಡಿ, ಗಾಜಿನ ಗೋಡೆ, ಹೊಸ ಯಂತ್ರಗಳ ಎಣ್ಣೆಯ ವಾಸನೆ. ಕಟಿಂಗ್ ಮೇಜಿನ ತಲೆಯಲ್ಲಿ ತಂಗಿ ನಿಂತಿದ್ದಳು. ಅಕ್ಕನನ್ನು ನೋಡಿ ಬೆಚ್ಚಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, ಬಾ ಎಂದೂ ಅನ್ನದೆ ಹೋಗೆಂದೂ ಅನ್ನದೆ ಕಾದಳು. ಮಾಸ್ತರಮ್ಮ ಮೇಜಿನ ಹತ್ತಿರ ಬಂದು ನಿಂತಳು. ಸುತ್ತಲಿನ ಇಪ್ಪತ್ತು ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು.

"ಅವರನ್ನ ಕ್ಷಮಿಸಿದೆಯಲ್ಲ," ಎಂದಷ್ಟೇ ಹೇಳಿದಳು.

"ಅವರು ನನಗೆ ಯಾರು?" ಎಂದಳು ತಂಗಿ. "ಸಂಬಳ ಕೊಡೋರು. ಅವರನ್ನ ಕ್ಷಮಿಸೋಕೆ ನನಗೆ ಕಷ್ಟವೇ ಆಗಲಿಲ್ಲ. ಒಂದು ಮಾತು ಕೇಳ್ತೀನಿ, ನಿಜ ಹೇಳು. ದೊಡ್ಡ ಕತ್ತರಿ ಅಂದರಲ್ಲ, ಹೊಲಿಗೆ ಬಿಚ್ಚೋಕೆ ದೊಡ್ಡ ಕತ್ತರಿ ಯಾರಾದ್ರೂ ಕೇಳ್ತಾರಾ?"

ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳು ಇದಕ್ಕೆ ಸುಳ್ಳು ಹೇಳುವುದು ಹೇಗೆ. ಡ್ರಾಯರಿನಲ್ಲಿ ನೂಲು ಕತ್ತರಿಸುವ ಸಣ್ಣದೂ ಇತ್ತು, ಬಟ್ಟೆಯ ದೊಡ್ಡದೂ ಇತ್ತು. ದೊಡ್ಡದಕ್ಕೆ ಕೈ ಹಾಕಿದಾಗಲೇ ಅದು ಜಡೆಗೇ ಎಂದು ಅವಳಿಗೆ ತಿಳಿದಿತ್ತು. ಅಷ್ಟೇ ಅಲ್ಲ, ಆ ತಿಳಿವಿನ ಕೆಳಗೆ ಇನ್ನೊಂದು ಮಾತು ಅಡಗಿತ್ತು, ಅದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ.

"ಗೊತ್ತಿತ್ತು," ಎಂದಳು. "ನೂರು ಸಲ ಹೇಳಿದ್ದೆ, ನೀನು ಕೇಳಲಿಲ್ಲ. ಒಂದು ಗಳಿಗೆ... ಆಗಲಿ, ಬುದ್ಧಿ ಬರಲಿ ಅನಿಸ್ತು. ಒಂದೇ ಗಳಿಗೆ."

"ನೋಡಿದೆ," ಎಂದಳು ತಂಗಿ. "ನನ್ನನ್ನ ನಿಮ್ಮ ಕಡೆಗೇ ಅಲ್ವಾ ತಿರುಗಿಸಿ ಕೂರಿಸಿದ್ದು? ಅವರ ಮುಖ ನನಗೆ ಕಾಣ್ತಿರಲಿಲ್ಲ. ನಿನ್ನದೇ ಕಾಣ್ತಿತ್ತು."

ಅಷ್ಟರಲ್ಲಿ ಒಳಕೋಣೆಯಿಂದ ದೊರೆ ಬಂದ. ಮಾಸ್ತರಮ್ಮನನ್ನು ಕಂಡು ಅವನ ಕಣ್ಣು ಒದ್ದೆಯಾಯಿತು. ಕಣ್ಣು ಒದ್ದೆ ಮಾಡಿಕೊಳ್ಳುವುದು ಅವನಿಗೆ ಈಗ ಸಲೀಸಾಗಿತ್ತು. ಎದೆಯ ಮೇಲೆ ಅಂಗೈ ಇಟ್ಟು, ತನಗೆ ಒಂದು ಅವಕಾಶ ಸಿಕ್ಕಿತು, ಅವಳಿಗೂ ಸಿಗಬೇಕು, ಅವಳಿಲ್ಲದೆ ತನ್ನ ಬಲಗೈ ಮುರಿದಂತಾಗಿದೆ, ನಾಳೆಯಿಂದಲೇ ಬರಲಿ, ಎಂದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

"ಬೇಡ ಸರ್," ಎಂದಳು ತಂಗಿ. "ಅವಳು ಬಂದರೆ ನಾನಿರಲ್ಲ."

ದೊರೆ ಇಬ್ಬರನ್ನೂ ನೋಡಿದ. ಲೆಕ್ಕ ಹಾಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕ್ಷಮಿಸಿದವಳು ಪಕ್ಕದಲ್ಲಿರುವವರೆಗೆ ಮಾತ್ರ ಅವನು ಕ್ಷಮೆ ಪಡೆದವನು. "ಅವಳು ಹೇಗೆ ಹೇಳ್ತಾಳೋ ಹಾಗೆ. ನೋವು ತಿಂದಿರೋದು ಅವಳಲ್ವಾ," ಎಂದು ತಲೆ ಬಾಗಿಸಿ ಒಳಗೆ ಹೋದ. ಹೋಗುವಾಗ ಯಂತ್ರಗಳ ಮುಂದೆ ಕೂತವರಿಗೆ, ಕೆಲಸ ನೋಡಿ, ಎಂದು ಮೆಲ್ಲಗೆ ಹೇಳಿದ. ಇಪ್ಪತ್ತೂ ಯಂತ್ರಗಳು ಒಟ್ಟಿಗೆ ಶುರುವಾದವು.

ತಂಗಿ ಲಿಫ್ಟಿನವರೆಗೆ ಬಂದಳು. ಹೀಗೇನಾ, ಸಾಯುವವರೆಗೂ ಹೀಗೇನಾ, ಎಂದು ಮಾಸ್ತರಮ್ಮ ಕೇಳಿದಳು. ತಂಗಿ ನಿಜವಾಗಿಯೂ ಯೋಚಿಸಿದಳು.

"ಗೊತ್ತಿಲ್ಲ. ಯಾವತ್ತಾದ್ರೂ ಮನಸ್ಸಾದ್ರೆ ನಾನೇ ಹೇಳ್ತೀನಿ. ನೀನು ಕಾಯ್ತಾ ಕೂರಬೇಡ."

ದೊರೆಯ ಹೊಸ ಪ್ರದರ್ಶನ ಗೆದ್ದಿತು. ಎರಡನೆಯ ಅವಕಾಶದ ಚರ್ಚೆ ತಾನಾಗಿ ತಣ್ಣಗಾಯಿತು. ಹಳೆಯ ಮೂವತ್ತೊಂದು ಜನರಲ್ಲಿ ಹನ್ನೊಂದು ಮಂದಿಯನ್ನು ತಂಗಿ ಹುಡುಕಿ ಕರೆದು ಕೆಲಸಕ್ಕಿಟ್ಟುಕೊಂಡಳು. ಗೋಡೆಗೆ ಮುಖ ಮಾಡಿ ನಿಂತಿದ್ದ ಇಸ್ತ್ರಿಯವನೂ ಅವರಲ್ಲಿದ್ದ. ಅಮ್ಮನನ್ನೂ ತನ್ನ ಮನೆಗೆ ಕರೆದೊಯ್ದಳು. ಎಂಟು ದಿನಕ್ಕೆ ಅಮ್ಮ ವಾಪಸು ಬಂದಳು. ಮಾಸ್ತರಮ್ಮ ಬಾಗಿಲಲ್ಲಿ ನಿಂತು ಹಿಗ್ಗಿದಾಗ, ನಿನ್ನ ಮೇಲಿನ ಪ್ರೀತಿಗಲ್ಲ, ಅಲ್ಲಿ ಮಹಡಿ ಹತ್ತಿಳಿಯಲು ಮೊಣಕಾಲು ಬಿಡಲಿಲ್ಲ, ಎಂದು ಸ್ಪಷ್ಟ ಮಾಡಿ ಒಳಗೆ ಬಂದಳು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ತಂಗಿಯ ಫೋನು ಬರುತ್ತದೆ. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಲೇಬೇಕು. ಎಷ್ಟೋ ವಾರ ಮಾಸ್ತರಮ್ಮ ತಾನಿರುವುದು ತಂಗಿಗೆ ತಿಳಿಯದಂತೆ ಅದೇ ಕೋಣೆಯ ಮೂಲೆಯಲ್ಲಿ ಕೂತು ಆ ದನಿ ಕೇಳಿದಳು. ಒಂದು ಭಾನುವಾರ ತಂಗಿ ಮಾತಿನ ನಡುವೆ ಬಹಳ ಕೆಮ್ಮಿದಳು. ಚಿಕ್ಕಂದಿನಲ್ಲಿ ಅವಳ ಕೆಮ್ಮು ಎದೆಗೆ ಇಳಿಯುತ್ತಿತ್ತು. ಮಾಸ್ತರಮ್ಮ ಚೀಟಿಯಲ್ಲಿ ಡಾಕ್ಟರಿಗೆ ತೋರಿಸಿದೆಯಾ ಎಂದು ಬರೆದು ಅಮ್ಮನ ಮುಂದೆ ಹಿಡಿದಳು. ಅಮ್ಮ ಓದಿ ಹಾಗೇ ಕೇಳಿದಳು.

ಆ ಕಡೆ ಕೆಮ್ಮು ನಿಂತಿತು. "ಇದು ನೀನು ಕೇಳ್ತಿದ್ದೀಯೋ ಅವಳೋ?"

"ಅವಳು," ಎಂದಳು ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಮ್ಮ.

ಫೋನು ಕಟ್ಟಾಯಿತು. ಮುಂದಿನ ಭಾನುವಾರ ಫೋನು ಬಂದೇ ಬಂತು, ಅದೇ ಹೊತ್ತಿಗೆ. ಅದು ಮೊಳಗುತ್ತಿದ್ದಂತೆ ಅಮ್ಮ ಮಾಸ್ತರಮ್ಮನ ಮುಖ ನೋಡಿದಳು. ಮಾಸ್ತರಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಂಡು, ಮಾತು ಮುಗಿಯುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಳು.